ಮನೆಗಾಡಿಗೆ ಕಟ್ಟಿದ ಕೆಂಪು ಬಟ್ಟೆ

ಗಾಡಿಯ ಚಕ್ರ ಕಳಚದೆ ನಿಲ್ಲುವುದು ದೇವರ ದಯೆಯಿಂದಲ್ಲ, ಐದು ನಟ್ಟುಗಳಿಂದ. ಆ ಐದು ನಟ್ಟುಗಳನ್ನು ಯಾರೋ ಒಬ್ಬ ಮನುಷ್ಯ ಮಂಡಿಯೂರಿ ಕೂತು ಬಿಗಿದಿರುತ್ತಾನೆ. ಎಲ್ಲರಿಗೂ ಗೊತ್ತಿರುವ ವಿಷಯ. ಗೊತ್ತಿದ್ದೂ, ಪ್ರಯಾಣ ಸುಖವಾಗಿ ಮುಗಿದಾಗ ಕೈಮುಗಿಯುವುದು ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ ಗಣಪತಿಗೆ ಮಾತ್ರ.

ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ, 1997ರಲ್ಲಿ, ಹಾಗೆ ಮಂಡಿಯೂರುತ್ತಿದ್ದವನ ಹೆಸರು ಐತಪ್ಪ. ವಯಸ್ಸು ಐವತ್ತಕ್ಕೆ ಒಂದು ಕಡಿಮೆ. ಮಲ್ಪೆಯ ಬಂದರಿನಲ್ಲಿ ಮೀನುಗಾರಿಕೆ ಬೋಟುಗಳ ಇಂಜಿನ್ ಬಿಚ್ಚಿ ಕಟ್ಟುತ್ತ ಇಪ್ಪತ್ತು ವರ್ಷ ಕಳೆದವನು. ಉಡುಪಿಯ ಡಾಕ್ಟರ್ ಮಧ್ವರಾಜರು ಇಲ್ಲಿಯ ಖಾಸಗಿ ವೈದ್ಯಕೀಯ ಕಾಲೇಜಿಗೆ ಪಾಠ ಹೇಳಲು ಬಂದ ಮರುವರ್ಷ, ಅದೇ ಕಾಲೇಜಿನ ಕಟ್ಟಡ ನೋಡಿಕೊಳ್ಳುವ ಕೆಲಸಕ್ಕೆ ಇವನನ್ನು ಕರೆಸಿಕೊಂಡರು. ಪಂಪು, ಲಿಫ್ಟು, ಎ.ಸಿ., ಕೆಟ್ಟದ್ದೆಲ್ಲ ಅವನದು. ಕರೆಸಿದ ಉಪಕಾರಕ್ಕೆ ಪ್ರತಿಯಾಗಿ ಡಾಕ್ಟರ ಮನೆಯಲ್ಲಿ ಕೆಟ್ಟದ್ದೂ ಅವನದೇ ಆಯಿತು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಇಂಥದ್ದನ್ನು ಯಾರೂ ಹೇಳುವುದಿಲ್ಲ, ಸುಮ್ಮನೆ ಆಗಿಬಿಡುತ್ತದೆ.

ಟಯರ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಅವನ ವಾಸ. ಮೊದಲು ಇಬ್ಬರು ತಮಿಳು ಹುಡುಗರು ಜೊತೆಗಿದ್ದರು. ಒಬ್ಬನಿಗೆ ಮದುವೆಯಾಯಿತು, ಇನ್ನೊಬ್ಬ ಜೋಹೋರಿಗೆ ಹೋದ. ಅವರು ಬಿಟ್ಟುಹೋದ ಎರಡು ಮಂಚಗಳ ಮೇಲೆ ಐತಪ್ಪ ಈಗ ಬಟ್ಟೆ ಒಣಗಿಸುತ್ತಿದ್ದ. ಕೆಲಸದಿಂದ ಬಂದವನು ಕೆಳಗೆ ಪಕ್ಕದಲ್ಲಿದ್ದ ಮಾಮಕ್ ಅಂಗಡಿಯಲ್ಲಿ, ತಮಿಳು ಮುಸ್ಲಿಮರ ಆ ಹೋಟೆಲಿನಲ್ಲಿ, ರೊಟ್ಟಿ ತಪಾವ್ ಮಾಡಿಸಿಕೊಂಡು, ಅಂದರೆ ಕಟ್ಟಿಸಿಕೊಂಡು, ಮೇಲೆ ಹೋಗಿ ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದ. ಕಿಟಕಿ ಇತ್ತು. ಆದರೆ ಕಿಟಕಿಯಾಚೆ ಎದುರು ಮನೆಯವರು ಕುಟುಂಬ ಸಮೇತ ಊಟಕ್ಕೆ ಕೂರುತ್ತಿದ್ದರು.

ಅವನಿಗೆ ಮಾತಾಡಲು ಇದ್ದದ್ದು ಒಂದು ಗಾಡಿ.

ಊರಿಗೆ ವಾಪಸಾಗುತ್ತಿದ್ದ ಆಸ್ಟ್ರೇಲಿಯಾದ ಇಂಜಿನಿಯರೊಬ್ಬನಿಂದ ಡಾಕ್ಟರು ಕೊಂಡ ಕ್ಯಾರವಾನ್ ಅದು. ಜೀಪಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಎರಡು ಚಕ್ರದ ಬಿಳಿ ಮನೆ. ಒಳಗೆ ಮಡಚುವ ಮಂಚಗಳು, ಗ್ಯಾಸ್ ಒಲೆ, ಅಂಗೈಯಗಲದ ಸಿಂಕು, ಹೂವಿನ ಪರದೆ. ಐತಪ್ಪ ಅದನ್ನು ಮನೆಗಾಡಿ ಎಂದ. ಡಾಕ್ಟರ ಹೆಂಡತಿ ಮೋಹಿನಿಯವರ ಬಾಯಲ್ಲೂ ಅದೇ ಉಳಿಯಿತು.

ಇಲ್ಲಿಯ ಹವೆಗೆ ಅಂಥ ಗಾಡಿಯನ್ನು ಉಳಿಸಿಕೊಳ್ಳುವುದು ಸುಲಭವಲ್ಲ. ಬೆಳಗಿನ ಬಿಸಿಲಿಗೆ ಚಾವಣಿಯ ರಬ್ಬರು ಬಿರಿಯುತ್ತದೆ, ಸಂಜೆಯ ಮಳೆ ಆ ಬಿರುಕಿನಲ್ಲೇ ಇಳಿಯುತ್ತದೆ, ಎರಡು ವಾರ ಮುಚ್ಚಿಟ್ಟರೆ ಹಾಸಿಗೆಗೆ ಬೂಷ್ಟು ಹಿಡಿಯುತ್ತದೆ. ಪ್ರವಾಸಕ್ಕೆ ಹದಿನೈದು ದಿನ ಇರುವಾಗಲೇ ಐತಪ್ಪ ಶುರುಮಾಡುತ್ತಿದ್ದ. ಹಾಸಿಗೆಗಳನ್ನು ಪೋರ್ಟಿಕೋದಲ್ಲಿ ಒಣಗಿಸುವುದು. ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿ, ವಾಸನೆ ಹೋಗುವ ತನಕ ತೊಳೆಯುವುದು. ಗ್ಯಾಸಿನ ಪೈಪಿಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಕಣ್ಣು ಕೀಲಿಸಿ ಕೂರುವುದು. ಒಲೆಯ ಕೆಳಗೆ ನೆಲದಲ್ಲಿ ಎರಡು ತೂತುಗಳಿದ್ದವು. ಸೋರಿದ ಗ್ಯಾಸು ಗಾಳಿಗಿಂತ ಭಾರ, ಕೆಳಗಿಳಿದು ಆ ತೂತಿನಿಂದಲೇ ಹೊರಗೆ ಹೋಗಬೇಕು. ಮೋಹಿನಿಯವರು ಪ್ರತಿ ಸಲ ಜಿರಳೆ ಬರುತ್ತದೆಂದು ಅದಕ್ಕೆ ಬಟ್ಟೆ ತುರುಕುತ್ತಿದ್ದರು, ಇವನು ಪ್ರತಿ ಸಲ ಕಿತ್ತು ತೆಗೆಯುತ್ತಿದ್ದ.

"ಜಿರಳೆ ಬಂದ್ರೆ ನೀವು ಕಿರುಚ್ಲಿಕ್ಕಾದ್ರೂ ಆಗ್ತದೆ ಅಕ್ಕ. ಗ್ಯಾಸ್ ಒಳಗೇ ನಿಂತ್ರೆ ಅದೂ ಆಗುದಿಲ್ಲ."

"ಬಿಡ್ತು ಅನ್ನು ಮಾರಾಯ! ಹೊರಡುವಾಗ ಎಂತ ಮಾತು ನಿಂದು!"

ಇನ್ನೊಂದು ಅಭ್ಯಾಸವನ್ನು ಅವನು ಮಲ್ಪೆಯಿಂದ ತಂದಿದ್ದ. ಬೋಟಿನ ಕೆಳಗೆ ಕೆಲಸ ಅರ್ಧಕ್ಕೆ ನಿಂತಿದ್ದರೆ ಚುಕ್ಕಾಣಿಗೆ ಕೆಂಪು ಬಟ್ಟೆ ಕಟ್ಟಬೇಕು. ಬಟ್ಟೆ ಇದ್ದರೆ ಬೋಟಿನ ಯಜಮಾನನೇ ಬಂದರೂ ಇಂಜಿನ್ ಮುಟ್ಟುವ ಹಾಗಿಲ್ಲ. ಕಟ್ಟಿದವನೇ ಬಂದು ಬಿಚ್ಚಬೇಕು. ಇಲ್ಲಿ ಅವನು ಆ ಬಟ್ಟೆಯನ್ನು ಮನೆಗಾಡಿಯ ಕೊಂಡಿಗೆ ಕಟ್ಟುತ್ತಿದ್ದ. ಡಾಕ್ಟರಿಗೂ ಮೋಹಿನಿಯವರಿಗೂ ಎರಡೆರಡು ಸಲ ವಿವರಿಸಿದ್ದ. ಇಬ್ಬರೂ ತಲೆಯಾಡಿಸಿದ್ದರು. ನಿಜವಾಗಿ ಕೇಳಿಸಿಕೊಂಡದ್ದು ಅವರ ಒಂಬತ್ತು ವರ್ಷದ ಮಗಳು ಶ್ರೀಯಾ ಒಬ್ಬಳೇ. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಇಷ್ಟೆಲ್ಲ ಮಾಡಿ ನಾಲ್ಕು ವರ್ಷದಲ್ಲಿ ಐತಪ್ಪ ಆ ಮನೆಗಾಡಿಯನ್ನು ಹದಿನಾಲ್ಕು ಪ್ರವಾಸಗಳಿಗೆ ಸಿದ್ಧಮಾಡಿ ಕಳಿಸಿದ್ದ. ಒಂದಕ್ಕೂ ಹೋಗಿರಲಿಲ್ಲ. ಗೇಟು ತೆಗೆದು, "ನಿಧಾನ ಡಾಕ್ಟ್ರೇ" ಎಂದು, ಗೇಟು ಹಾಕುತ್ತಿದ್ದ. ಭಾನುವಾರ ಸಂಜೆ ಅದು ಹಿಂದಿರುಗಿದಾಗ ಚಕ್ರದ ಸಂದಿಯಿಂದ ಪೋರ್ಟ್ ಡಿಕ್ಸನ್ನಿನ, ಇಲ್ಲಿಯವರ ಬಾಯಲ್ಲಿ ಪಿ.ಡಿ.ಯ, ಮರಳು ಕೆರೆದು ತೆಗೆಯುತ್ತಿದ್ದ. ಕಡಲಿನ ಜೊತೆ ಅವನಿಗಿದ್ದ ಸಂಬಂಧ ಅಷ್ಟೇ.

ಬಸ್ಸಿಲ್ಲವೇ, ಅವನದೇ ಸಣ್ಣ ಬೈಕು ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಒಂದು ಭಾನುವಾರ ಪುಡುರಾಯ ಬಸ್ ನಿಲ್ದಾಣದ ತನಕ ಹೋಗಿಯೂ ಇದ್ದ. ಸಾಲಿನಲ್ಲಿ ನಿಂತವರ ಕೈಯಲ್ಲೆಲ್ಲ ಚಾಪೆ, ಮಕ್ಕಳು, ಬುತ್ತಿ. ಒಬ್ಬನೇ ಹೋಗಿ ಕಡಲಿನ ಮುಂದೆ ಕೂತು ಯಾರಿಗೆ ಏನು ತೋರಿಸುವುದು? ಸಾಲು ಬಿಟ್ಟು ಬಂದುಬಿಟ್ಟ.

ಇದರ ಮೇಲೆ ಅವನೊಂದು ಸುಳ್ಳನ್ನೂ ಬರೆದಿದ್ದ. ಊರಿನಲ್ಲಿದ್ದ ಹೆಂಡತಿ ವಾರಿಜಾ ಕಾಗದದಲ್ಲಿ ಕೇಳಿದ್ದಳು, ನೀವು ರಿಪೇರಿ ಮಾಡುವ ಆ ಗಾಡಿಯಲ್ಲಿ ನಿಮ್ಮನ್ನು ಕರೆದುಕೊಂಡು ಹೋಗುವುದಿಲ್ಲವೇ ಎಂದು. "ಹೋಗದೆ ಏನು, ಪ್ರತಿ ಸಲ ಕರೆಯುತ್ತಾರೆ. ಮೊನ್ನೆ ಕಡಲಿಗೆ ಹೋಗಿದ್ದೆವು" ಎಂದು ಬರೆದ. ವಾರಿಜಾ ಕಡಲ ಬದಿಯ ಹೆಂಗಸು, ಅಷ್ಟಕ್ಕೆ ಬಿಡಲಿಲ್ಲ. "ಅಲ್ಲಿಯ ನೀರು ನಮ್ಮದರಷ್ಟೇ ಉಪ್ಪಾ?" ಎಂದು ಕೇಳಿದಳು. ಆ ಕಾಗದ ಎರಡು ತಿಂಗಳಿನಿಂದ ದಿಂಬಿನ ಕೆಳಗೇ ಇತ್ತು.

ಆ ವರ್ಷ ಸುಮಾತ್ರಾದ ಕಾಡುಗಳು ಹೊತ್ತಿ ಹೊಗೆಯೆಲ್ಲ ಇತ್ತ ಬಂದಿತ್ತು. ಸೂರ್ಯ ಕಂದಿದ ತಾಮ್ರದ ತಟ್ಟೆಯ ಹಾಗೆ ಕಾಣುತ್ತಿದ್ದ. ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದರು. ದಸರಾಕ್ಕೆ ಮೂರು ವಾರ ಇರುವಾಗ ಡಾಕ್ಟರು ಕೆಮ್ಮುತ್ತ ಪೋರ್ಟಿಕೋಗೆ ಬಂದರು.

"ಐತಪ್ಪ, ಈ ಹೊಗೆಯಲ್ಲಿ ಸಾಯುದು ಬೇಡ. ವಿಜಯದಶಮಿ ಶನಿವಾರ ಬಿದ್ದಿದೆ, ಬೆಳಿಗ್ಗೆ ಪಿ.ಡಿ.ಗೆ ಹೊರಡುವ. ಈ ಸಲ ನೀನೂ ಬಾ ಮಾರಾಯ. ಹಿಂದಿನ ಸೀಟು ಖಾಲಿ ಉಂಟಲ್ಲ."

ಐತಪ್ಪ ತಲೆ ಎತ್ತಲಿಲ್ಲ. "ಆಯ್ತು ಡಾಕ್ಟ್ರೇ" ಎಂದ. ಆ ರಾತ್ರಿ ಎರಡು ಮಂಚಗಳ ಮೇಲಿನ ಬಟ್ಟೆ ತೆಗೆದು ಮಡಚಿಟ್ಟ. ಮರುದಿನ ಒಂದು ನೀಲಿ ಅಂಗಿ, ಒಂದು ಹೊಸ ಟವೆಲು ಕೊಂಡ.

ಶುಕ್ರವಾರ ಆಯುಧಪೂಜೆ. ಅರ್ಧ ದಿನದ ರಜೆ ಹಾಕಿ ಬಂದು ಚಕ್ರಗಳನ್ನು ಬಿಚ್ಚಿದ. ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸು ತುಂಬಬೇಕಿತ್ತು. ಬಲಗಡೆಯದು ಮುಗಿಯಿತು. ಎಡಗಡೆಯ ಚಕ್ರ ಕೂರಿಸಿ, ಐದೂ ನಟ್ಟುಗಳನ್ನು ಕೈಯಿಂದಲೇ ತಿರುಗಿಸಿ, ಜಾಕಿ ಇಳಿಸಿದ. ಇನ್ನು ಸ್ಪ್ಯಾನರ್ ಹಾಕಿ ಬಿಗಿಯಬೇಕು, ಅಷ್ಟರಲ್ಲಿ ಮೋಹಿನಿಯವರು ಹಿತ್ತಾಳೆಯ ಹರಿವಾಣ ಹಿಡಿದು ಬಂದರು.

"ಸಾಮಾನೆಲ್ಲ ಕೊಡು ಐತಪ್ಪ. ಐದೂವರೆಗೆ ಜನ ಬರ್ತಾರೆ, ತೊಳೆದು ಇಡ್ಬೇಕು."

"ಎರಡು ನಿಮಿಷ ಅಕ್ಕ. ಈ ಬದಿದು ಬಿಗಿಲಿಕ್ಕೆ ಬಾಕಿ ಉಂಟು."

"ನಿನ್ನ ಎರಡು ನಿಮಿಷ ನಂಗೊತ್ತಿಲ್ವಾ? ಕತ್ತಲೆಯಾಗ್ತದೆ. ಕೊಡು ಕೊಡು."

ಸ್ಪ್ಯಾನರು ಕೈಯಿಂದ ಹೋಯಿತು. ಐದು ನಿಮಿಷದಲ್ಲಿ ಅದು ಮನೆಗಾಡಿಯ ಮುಂದೆ ಮಣೆಯ ಮೇಲೆ, ಡಾಕ್ಟರ ಸ್ಟೆತೊಸ್ಕೋಪ್, ಶ್ರೀಯಾಳ ಕಂಪಾಸ್ ಪೆಟ್ಟಿಗೆ, ಅಡುಗೆಮನೆಯ ಈಳಿಗೆಮಣೆಗಳ ಸಾಲಿನಲ್ಲಿ ಕುಂಕುಮ ಹಚ್ಚಿಸಿಕೊಂಡು ಮಲಗಿತ್ತು. ಇನ್ನು ಅದನ್ನು ಮುಟ್ಟುವುದು ಮರುದಿನ ಬೆಳಗಿನ ಪೂಜೆಯಾದ ಮೇಲೆ.

ಕೈ ಚಾಚಿ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ. ತಪ್ಪಿನಲ್ಲಿ ಅವನ ಪಾಲೂ ಇದೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆ ಒಂದು ದಿನ ಪೂಜೆಗಿಟ್ಟ ಸಲಕರಣೆಯನ್ನು ಮುಟ್ಟಬಾರದು ಎಂಬುದು ಅವನ ಮೂಳೆಯಲ್ಲೇ ಇತ್ತು. ಅದಕ್ಕೆ ತನಗೆ ಗೊತ್ತಿದ್ದ ಇನ್ನೊಂದು ನಿಯಮ ಪಾಲಿಸಿದ. ಕೊಂಡಿಗೆ ಕೆಂಪು ಬಟ್ಟೆ ಕಟ್ಟಿದ. ಹೋಗಿ ಡಾಕ್ಟರಿಗೂ ಹೇಳಿದ.

"ಎಡದ ಚಕ್ರ ಬಿಗಿದಾಗ್ಲಿಲ್ಲ ಡಾಕ್ಟ್ರೇ. ನಾಳೆ ನಾನು ಬರುವ ತನಕ ಗಾಡಿ ಎಳೀಬೇಡಿ."

ಡಾಕ್ಟರ ಕಣ್ಣು ಗೇಟಿನ ಕಡೆಗಿತ್ತು. "ಆಯ್ತು, ಆಯ್ತು. ನೀನು ಏಳಕ್ಕೆ ಬಾ. ಕಾಂತಮ್ಮನೋರು ಬಂದ್ರು ನೋಡು, ಅವರಿಗೊಂದು ಕುರ್ಚಿ ಹಾಕು. ಹಾಗೇ ಅಂಗಡಿಗೆ ಹೋಗಿ ಐಸ್ ತಾ."

ಅವನು ಐಸ್ ತರಲು ಹೋದಾಗ ಆದದ್ದು ಇಷ್ಟು. ನೆರೆಯ ಬೀದಿಯ ಹಿರಿಯರಾದ ಕಾಂತಮ್ಮ ಮನೆಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೊಂಡಿಯ ಹತ್ತಿರ ನಿಂತರು. "ಎಷ್ಟು ಚೆಂದ ಕೆಂಪು ವಸ್ತ್ರ ಕಟ್ಟಿದ್ದೀರಿ ಮೋಹಿನಿ! ಎಲ್ಲ ಕ್ರಮ ಉಳಿಸಿಕೊಂಡಿದ್ದೀರಿ." ಎಂದವರೇ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಒಂದು ಮೊಳ ಮಲ್ಲಿಗೆ ಸುತ್ತಿದರು. ಮೋಹಿನಿಯವರು ನಕ್ಕರು. ಆ ಬಟ್ಟೆ ಏನು ಹೇಳುತ್ತದೆಂದು ಅವರಿಗೆ ಎರಡು ಸಲ ಹೇಳಿಯಾಗಿತ್ತು. ಆದರೆ ಹಬ್ಬದ ಸಂಜೆ ಹೂ ಮುಡಿದ ಬಟ್ಟೆ ಎಚ್ಚರಿಕೆಯ ಹಾಗೆ ಕಾಣಬೇಕೆಂದರೆ, ಅದನ್ನು ಕಟ್ಟಿದವನ ನೆನಪಾದರೂ ಇರಬೇಕು.

ಶನಿವಾರ ಬೆಳಿಗ್ಗೆ ಐತಪ್ಪ ನೀಲಿ ಅಂಗಿ ತೊಟ್ಟು, ಚೀಲ ಹೆಗಲಿಗೆ ಹಾಕಿ ಇಳಿದ. ಮಾಮಕ್ ಅಂಗಡಿಯ ಯಜಮಾನ ಚಹಾ ಎತ್ತಿ ಸುರಿಯುತ್ತ, ಹೊಸ ಅಂಗಿ ತೊಟ್ಟು ಎಲ್ಲಿಗೆ ಎಂದು ತಮಿಳಿನಲ್ಲಿ ಕೇಳಿದ, "ಎಂಗೆ ಅಣ್ಣೇ? ಪುದು ಶರ್ಟು!"

"ಕಡಲು. ಪಿ.ಡಿ. ಮನೆಯವರ ಜೊತೆ."

ಮನೆಯವರ ಜೊತೆ ಎಂದೇ ಹೇಳಿದ.

ಆರೂವರೆಗೆ ಡಾಕ್ಟರ ಮನೆ ತಲುಪಿದಾಗ ಇನ್ನೂ ಕತ್ತಲೆ, ಇಲ್ಲಿ ಬೆಳಕು ಹರಿಯುವುದು ಏಳಕ್ಕೆ. ಗೇಟು ಅರ್ಧ ತೆರೆದಿತ್ತು. ಪೋರ್ಟಿಕೋ ಖಾಲಿ. ಮನೆಗಾಡಿ ನಿಂತಿದ್ದ ಜಾಗದಲ್ಲಿ ಜಜ್ಜಿಹೋದ ಎರಡು ನಿಂಬೆಹಣ್ಣು. ಮಣೆಯ ಮೇಲೆ ಪೂಜೆಯ ಸಾಮಾನು ಹಾಗೆಯೇ, ಸ್ಪ್ಯಾನರ್ ಸಮೇತ. ಇಲ್ಲೇ ನೆಲೆಸಿದ್ದ ಡಾಕ್ಟರ ಗೆಳೆಯ ಜಯರಾಮ, ಬೆಂಗಳೂರಿನ ಸಾಫ್ಟ್‌ವೇರ್ ಮನುಷ್ಯ, ಹಿಂದಿನ ರಾತ್ರಿ ತಾನೂ ಬರುತ್ತೇನೆಂದು ಫೋನ್ ಮಾಡಿ, ಏಳರ ಮೇಲೆ ಹೈವೇ ಜಾಮ್ ಆಗುತ್ತದೆ, ಆರಕ್ಕೇ ಹೊರಡೋಣ ಎಂದಿದ್ದ. ಹೊರಟಿದ್ದರು. ಐತಪ್ಪನಿಗೆ ತಿಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಬೀದಿ ಕೊನೆಯ ಬೂತಿನಿಂದ ಡಾಕ್ಟರ ಕೈಫೋನಿಗೆ ಹಚ್ಚಿದ. ಆಫ್ ಆಗಿತ್ತು. ರಜೆಯಲ್ಲಿ ಆಸ್ಪತ್ರೆಯವರು ಕಾಡದಿರಲೆಂದು.

ಆಗ ಅವನು ಓಡಿ ಬಂದು, ಕೈಯನ್ನೂ ಮುಗಿಯದೆ, ಮಣೆಯ ಮೇಲಿಂದ ಸ್ಪ್ಯಾನರ್ ಎತ್ತಿಕೊಂಡ. ಇಷ್ಟು ವರ್ಷದಲ್ಲಿ ಮೊದಲ ಸಲ. ಗೇಟಿಗೆ ಬೀಗ ಹಾಕಿದ. ಬೈಕು ಹತ್ತಿದ.

ಸುಂಗೈ ಬೆಸಿ, ಕಾಜಾಂಗ್, ಬಾಂಗಿ, ಹೈವೇಯ ಊರುಗಳು ಹಿಂದೆ ಬಿದ್ದವು. ಹೊಗೆಯಲ್ಲಿ ಮುಂದಿನ ಲಾರಿಯ ಹಿಂದಿನ ದೀಪ ಮಾತ್ರ ಕಾಣುತ್ತಿತ್ತು. ಹೊಸ ವಿಮಾನ ನಿಲ್ದಾಣಕ್ಕೆ ಮಣ್ಣು ಹೊರುವ ಲಾರಿಗಳು ಪಕ್ಕದಲ್ಲೇ ಗುಡುಗಿ ಹೋಗುತ್ತಿದ್ದವು. ರಸ್ತೆ ಬದಿಯಲ್ಲಿ ಬಿಳಿಯದೇನು ಕಂಡರೂ ಬೈಕು ನಿಧಾನಿಸಿ ನೋಡುತ್ತಿದ್ದ. ಸೀಟಿನ ವಿಷಯ, ಕಡಲಿನ ವಿಷಯ ತಲೆಯಿಂದ ಹೋಗಿತ್ತು. ಐದು ನಟ್ಟು, ಒಂದು ಮಗು. ನಿಲಾಯ್ ದಾಟಿದಾಗಲೂ ಮನೆಗಾಡಿ ಕಾಣಲಿಲ್ಲ.

ಸೆರೆಂಬಾನಿಗೆ ಮುಂಚಿನ ವಿಶ್ರಾಂತಿ ತಾಣದಲ್ಲಿ ಕಂಡಿತು. ಡಾಕ್ಟರು, ಜಯರಾಮ, ಮೋಹಿನಿ ಕಲ್ಲುಬೆಂಚಿನ ಮೇಲೆ ಕೂತು ಮನೆಯಿಂದ ತಂದ ಇಡ್ಲಿ ತಿನ್ನುತ್ತಿದ್ದರು. ಶ್ರೀಯಾ ಕೊಂಡಿಯ ಹತ್ತಿರ ನಿಂತು ಕೂಗುತ್ತಿದ್ದಳು.

"ಅಮ್ಮಾ, ರೆಡ್ ಕ್ಲಾತ್ ಮೀನ್ಸ್ ಡೋಂಟ್ ಮೂವ್! ಅಂಕಲ್ ಟೋಲ್ಡ್ ಮಿ!"

"ಅದು ಪೂಜೆದು ಪುಟ್ಟಾ. ಬಂದು ಇಡ್ಲಿ ತಿನ್ನು, ಆರ್ತದೆ."

ಜಯರಾಮನೇ ಮೊದಲು ನೋಡಿದ್ದು. "ಅರೆರೆ, ಐತಪ್ಪ! ಇಲ್ಲೀವರ್ಗೂ ಬಂದ್ಬಿಟ್ರಾ? ಸರ್ವಿಸ್ ಅಂದ್ರೆ ಹೀಗಿರ್ಬೇಕು ಲಾ!" ಎಂದ, ಮಾತಿನ ಕೊನೆಗೆ ಮಲೇಷ್ಯಾದವರ ಹಾಗೆ ಒಂದು ಲಾ ಸೇರಿಸಿ.

ಐತಪ್ಪ ಬೈಕಿನಿಂದ ಇಳಿದು ಸ್ಪ್ಯಾನರ್ ಕೈಗೆತ್ತಿಕೊಂಡ. ಎಡ ಚಕ್ರದ ಮುಂದೆ ಮಂಡಿಯೂರಿದ. ಐದರಲ್ಲಿ ಎರಡು ನಟ್ಟು ಇರಲಿಲ್ಲ. ಉಳಿದ ಮೂರು, ಮುಟ್ಟಿದರೆ ಬೆರಳಿಗೇ ತಿರುಗುತ್ತಿದ್ದವು. ಚಕ್ರ ಅಲುಗಿ ಅಲುಗಿ ತೂತುಗಳ ಅಂಚು ಹೊಳೆಯುತ್ತಿತ್ತು.

"ನಾನ್ ಹೇಳ್ಲಿಲ್ವಾ ಸಾರ್, ಎಡಕ್ಕೆ ಎಳೀತಿದೆ ಅಂತ. ನೀವು ರಸ್ತೆ ಸರಿ ಇಲ್ಲ ಅಂದ್ರಿ" ಎಂದ ಜಯರಾಮ. ಈಗ ಅವನ ದನಿಯಲ್ಲಿ ಲಾ ಇರಲಿಲ್ಲ.

ಡಾಕ್ಟರ ಮುಖ ಬಿಳುಚಿತು. ಆಮೇಲೆ ಕೆಂಪಾಯಿತು. "ಇದೆಂತ ಐತಪ್ಪ? ಮಗು ಉಂಟು ಮಾರಾಯ ನಮ್ಮ ಜೊತೆ! ನಿನ್ನನ್ನು ನಂಬಿ ಹೊರಟದ್ದು!"

"ಹೇಳಿದ್ದೆ ಡಾಕ್ಟ್ರೇ." ಅವನ ದನಿ ಬೈಕಿನ ಗಾಳಿಗೆ ಒಡೆದಿತ್ತು. "ಬಟ್ಟೆಯೂ ಕಟ್ಟಿದ್ದೆ."

"ಅಯ್ಯೋ, ಅದು ಪೂಜೆಗೆ ಅಂತ..." ಮೋಹಿನಿಯವರು ಅಲ್ಲಿಗೇ ನಿಲ್ಲಿಸಿದರು. ಬಟ್ಟೆಯ ಮೇಲಿನ ಮಲ್ಲಿಗೆ ಬಾಡಿತ್ತು.

ಇಲ್ಲಿ ಒಬ್ಬರಾದರೂ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಐತಪ್ಪ ಬಲ ಚಕ್ರದಿಂದ ಒಂದು ನಟ್ಟು ಬಿಚ್ಚಿ ಎಡಕ್ಕೆ ಹಾಕಿದ. ಅಲ್ಲಿ ನಾಲ್ಕು, ಇಲ್ಲಿ ನಾಲ್ಕು. ಕುಂಕುಮದ ಸ್ಪ್ಯಾನರಿನಿಂದ, ಮೈಭಾರವೆಲ್ಲ ಹಾಕಿ ಬಿಗಿದ. ನೀಲಿ ಅಂಗಿಯ ಎದೆಗೆ ಗ್ರೀಸು ಮೆತ್ತಿತು.

"ಐವತ್ತರ ಮೇಲೆ ಹೋಗ್ಬೇಡಿ. ಹೊಸದಾಗಿ ಕೂರಿಸಿದ ಚಕ್ರ, ಸ್ವಲ್ಪ ಓಡಿದ ಮೇಲೆ ಇನ್ನೊಮ್ಮೆ ಬಿಗೀಬೇಕು. ಪಿ.ಡಿ.ಯಲ್ಲಿ ಎರಡು ನಟ್ಟು ಕೊಂಡುಕೊಳ್ಳಿ."

ಶ್ರೀಯಾ ಅವನ ಬೈಕಿಗೆ ಕಟ್ಟಿದ ಚೀಲ ನೋಡಿದಳು. "ಅಂಕಲ್, ಆರ್ ಯು ಕಮಿಂಗ್ ವಿತ್ ಅಸ್?"

ಮೋಹಿನಿಯವರ ಕಣ್ಣು ಜೀಪಿನ ಹಿಂದಿನ ಸೀಟಿಗೆ ಹೋಯಿತು. ಆ ಸೀಟಿನಲ್ಲಿ ಜಯರಾಮ ತಂದ ದೊಡ್ಡ ಐಸ್ ಪೆಟ್ಟಿಗೆ ಕೂತಿತ್ತು. ಬೀಳದಿರಲೆಂದು ಅದಕ್ಕೆ ಬೆಲ್ಟನ್ನೂ ಹಾಕಿದ್ದರು.

"ಮುಂದಿನ ಸಲ ಬರ್ತಾರೆ ಪುಟ್ಟಾ. ಇವತ್ತು ಜಾಗ ಇಲ್ಲ ಅಲ್ವಾ?" ಎಂದು ಎರಡು ಇಡ್ಲಿ ಕಟ್ಟಿ ಅವನ ಕೈಗಿಟ್ಟರು.

ಡಾಕ್ಟರು ಜೀಪು ಹತ್ತಿದವರು ಕಿಟಕಿಯಿಂದ ತಲೆ ಹಾಕಿದರು. ಐತಪ್ಪ ಎರಡು ಹೆಜ್ಜೆ ಮುಂದೆ ಬಂದ.

"ಗೇಟಿಗೆ ಬೀಗ ಹಾಕಿ ಬಂದ್ಯಾ?"

"ಹಾಕಿದ್ದೇನೆ ಡಾಕ್ಟ್ರೇ."

ಅವರು ಹೊರಟರು. ಹೈವೇಯಿಂದ ಸೆರೆಂಬಾನಿನಲ್ಲಿ ಇಳಿದರೆ ಒಂದು ದಾರಿ ಪೋರ್ಟ್ ಡಿಕ್ಸನ್ನಿಗೆ, ಇನ್ನೊಂದು ವಾಪಸು. ಐತಪ್ಪ ವಾಪಸು ತಿರುಗಲಿಲ್ಲ. ನಾಲ್ಕು ನಟ್ಟಿನ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ, ಇನ್ನೊಮ್ಮೆ ಬಿಗಿಯುತ್ತಾರೆಂಬ ನಂಬಿಕೆ ಅದಕ್ಕಿಂತ ಕಡಿಮೆ. ನೂರು ಮಾರು ಹಿಂದೆ, ಎಡ ಚಕ್ರದ ಮೇಲೆ ಕಣ್ಣಿಟ್ಟು, ಅಷ್ಟು ದಾರಿಯೂ ಹಿಂಬಾಲಿಸಿದ. ಅವರಲ್ಲಿ ಒಬ್ಬರೂ ಹಿಂದಿರುಗಿ ನೋಡಲಿಲ್ಲ.

ಗಾಳಿಮರಗಳ ಕೆಳಗೆ ಮನೆಗಾಡಿ ನಿಂತಿತು. ಐಸ್ ಪೆಟ್ಟಿಗೆ ಹೊತ್ತುಕೊಂಡು ಎಲ್ಲರೂ ನೀರಿನ ಕಡೆ ಇಳಿದರು. ಆಮೇಲೆ ಐತಪ್ಪ ಬಂದ. ನಾಲ್ಕೂ ನಟ್ಟುಗಳಿಗೆ ಸ್ಪ್ಯಾನರ್ ಹಾಕಿದ. ಒಂದೊಂದೂ ಕಾಲು ಸುತ್ತು ತೆಗೆದುಕೊಂಡಿತು. ಬಲಗಡೆಯದನ್ನೂ ನೋಡಿದ. ಒಲೆಯ ಕೆಳಗಿನ ತೂತಿಗೆ ತುರುಕಿದ್ದ ಬಟ್ಟೆಯನ್ನು ಹೊರಗಿನಿಂದಲೇ ಕೋಲು ಹಾಕಿ ತಳ್ಳಿದ. ಕಟ್ಟಿದವನೇ ಬಿಚ್ಚಬೇಕಾದ ಕೆಂಪು ಬಟ್ಟೆಯನ್ನು ಬಿಚ್ಚಿ, ಮಲ್ಲಿಗೆ ಉದುರಿಸಿ, ಜೇಬಿಗಿಟ್ಟುಕೊಂಡ.

ಅವರು ಕಾಣದಷ್ಟು ದೂರ ಹೋಗಿ ಪ್ಯಾಂಟು ಮಡಚಿ ನೀರಿಗಿಳಿದ. ಹೊಗೆಯಲ್ಲಿ ಕಡಲೂ ಆಕಾಶವೂ ಒಂದೇ ಬೂದು, ಅಲೆ ಎನ್ನುವಂಥದ್ದು ಇರಲಿಲ್ಲ. ಬೆರಳದ್ದಿ ನಾಲಿಗೆಗೆ ತಾಗಿಸಿದ. ಇನ್ನೊಮ್ಮೆ ತಾಗಿಸಿದ. ಹೇಳೋಣವೆಂದು ಪಕ್ಕಕ್ಕೆ ತಿರುಗಿದ. ಅಭ್ಯಾಸ, ಅಷ್ಟೇ. ಪಕ್ಕದಲ್ಲಿ ಯಾರಿದ್ದರು? ಇಡ್ಲಿ ತಿಂದು, ಹೊಸ ಟವೆಲನ್ನು ಚೀಲದಿಂದ ಹೊರತೆಗೆಯದೆಯೇ, ಎದ್ದು ಹೊರಟ.

"ಎನ್ನ ಅಣ್ಣೇ, ಇಷ್ಟು ಬೇಗ?" ಎಂದು ಮಧ್ಯಾಹ್ನ ಮಾಮಕ್ ಯಜಮಾನ ಕೇಳಿದ. "ಅವರು ಇನ್ನೂ ಅಲ್ಲೇ ಇದ್ದಾರೆ" ಎಂದ ಐತಪ್ಪ, ಅದು ಅವನ ಪ್ರಶ್ನೆಗೆ ಉತ್ತರವೆಂಬಂತೆ. ರೊಟ್ಟಿ ತಪಾವ್ ಮಾಡಿಸಿಕೊಂಡು ಮೇಲೆ ಹತ್ತಿದ. ವಾರಿಜಾಳಿಗೆ ಕಾಗದ ಬರೆದ. "ಉಪ್ಪು ನಮ್ಮದಕ್ಕಿಂತ ಸ್ವಲ್ಪ ಕಡಿಮೆ." ಒಂದೇ ಸಾಲು. ಈ ಸಲ ಸುಳ್ಳಿರಲಿಲ್ಲ.

ಆ ಪ್ರವಾಸದ ಫೋಟೋಗಳು ಡಾಕ್ಟರ ಆಲ್ಬಮ್ಮಿನಲ್ಲಿವೆ. ಹಾರ ಹಾಕಿದ ಮನೆಗಾಡಿ ಇದೆ, ಐಸ್ ಪೆಟ್ಟಿಗೆ ಕೂಡ ಇದೆ. ಐತಪ್ಪ ಇಲ್ಲ. ಮುಂದಿನ ಸಲವೂ ಅವನೇ ಹಾಸಿಗೆ ಒಣಗಿಸಿದ. ಗೇಟು ತೆಗೆದ, ಗೇಟು ಹಾಕಿದ.

ಡಾಕ್ಟರು ಕೆಟ್ಟವರಲ್ಲ, ಮೋಹಿನಿಯವರೂ ಅಲ್ಲ. ಅವರು ನಿಮ್ಮಂಥವರೇ, ಅದೇ ತೊಂದರೆ. ನಾಳೆ ಬೆಳಿಗ್ಗೆ ನೀವೂ ಎಲ್ಲಿಗೋ ಹೊರಡುವವರಿದ್ದೀರಿ. ಕೀಲಿ ತಿರುಗಿಸುವ ಮೊದಲು ಕೆಳಗಿಳಿಯಿರಿ. ನಿಮ್ಮ ಚಕ್ರ ಬಿಗಿದವನನ್ನು ಹೆಸರು ಹಿಡಿದು ಕರೆದು "ಆಯಿತಾ?" ಎಂದು ಕೇಳಿ, ಅವನು ಉತ್ತರ ಕೊಡುವ ತನಕ ಕಾಯಿರಿ. ಮತ್ತು ಎಂದಾದರೂ ಬಾಯಿತಪ್ಪಿಯಾದರೂ ಅವನಿಗೆ ಬಾ ಎಂದಿದ್ದರೆ, ಹಿಂದಿನ ಸೀಟಿನಿಂದ ಆ ಐಸ್ ಪೆಟ್ಟಿಗೆಯನ್ನು ಕೆಳಗಿಳಿಸಿ.